ಖಬರಸ್ತಾನದ ದೇವಕಣಗಿಲೆ ಎಲ್ಲಿಂದ ಬಂತು?

ಬಾದಾಮಿಯ ಗುಹೆಗಳನ್ನು ನೋಡಲು ಬಂದವರು ಕಲ್ಲಿನ ಬಗ್ಗೆ ಕೇಳುತ್ತಾರೆ, ಕೆರೆಯ ಬಗ್ಗೆ ಕೇಳುತ್ತಾರೆ. ಗಿಡದ ಬಗ್ಗೆ ಕೇಳುವವರು ಅಪರೂಪ. ನಾನು ಈ ಸಂಚಿಕೆಯಲ್ಲಿ ಒಂದು ಗಿಡದ ಇತಿಹಾಸವನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಆ ಗಿಡವನ್ನು ನೀವು ಖಂಡಿತ ನೋಡಿದ್ದೀರಿ. ಜಿಂಕೆಯ ಕೊಂಬಿನಂತೆ ಕವಲೊಡೆದ ದಪ್ಪ ಬೂದು ಟೊಂಗೆಗಳು. ಚಳಿಗಾಲದಲ್ಲಿ ಎಲೆಯುದುರಿ ಬೋಳಾಗಿ ನಿಲ್ಲುತ್ತದೆ. ಎಲೆ ಮುರಿದರೆ ಹಾಲು ಸುರಿಯುತ್ತದೆ. ಐದೆಸಳಿನ ಬಿಳಿ ಹೂ, ನಡುವೆ ಹಳದಿ. ಎಸಳುಗಳು ಗಾಳಿಪಟಾಕಿಯ ಹಾಗೆ ಒಂದೇ ಕಡೆಗೆ ತಿರುಚಿಕೊಂಡಿರುತ್ತವೆ. ಗುಡಿಯ ಅಂಗಳದಲ್ಲಿ, ದರ್ಗಾದ ಆವರಣದಲ್ಲಿ, ನಮ್ಮ ಖಬರಸ್ತಾನಗಳಲ್ಲಿ ಇದು ಸಾಮಾನ್ಯ. ಎಲ್ಲ ಧರ್ಮದವರೂ ಇದನ್ನು ತಮ್ಮದೇ ಪುರಾತನ ಮರವೆಂದು ನಂಬಿದ್ದಾರೆ. "ಸಾವಿರಾರು ವರ್ಷಗಳಿಂದ ನಮ್ಮಲ್ಲಿರುವ ಮರ" ಎಂದು ನಾನೂ ಬಹಳ ಕಾಲ ಹುಡುಗರಿಗೆ ಹೇಳುತ್ತಿದ್ದೆ. ಅದು ತಪ್ಪು.

ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನವಿದೆ. ಶಕ 500, ಅಂದರೆ ಕ್ರಿ.ಶ. 578. ಆ ಗುಹೆಯನ್ನು ಕೊರೆದ ಶಿಲ್ಪಿಗಳು ಈ ಹೂವನ್ನು ಕಂಡಿರಲಿಲ್ಲ. ಏಕೆಂದರೆ ಇದರ ತವರು ಮೆಕ್ಸಿಕೋ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳು. ಕೊಲಂಬಸ್ ಆ ಕಡೆ ಹೋದದ್ದು 1492ರಲ್ಲಿ. ಪೋರ್ಚುಗೀಸರು ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡದ್ದು 1510ರಲ್ಲಿ. ಅಮೆರಿಕದ ಗಿಡಗಳು ನಮ್ಮ ನೆಲಕ್ಕೆ ಬರಲು ಬಾಗಿಲು ತೆರೆದದ್ದು ಆ ಮೇಲೆ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಖಡಕ್ ರೊಟ್ಟಿಯ ಜೊತೆ ನಾವು ನಂಚಿಕೊಳ್ಳುವ ಶೇಂಗಾ ಹಿಂಡಿಯನ್ನೇ ನೋಡಿರಿ. ಶೇಂಗಾ ಅಮೆರಿಕದ್ದು, ಅದರೊಳಗಿನ ಮೆಣಸಿನಕಾಯಿಯೂ ಅಮೆರಿಕದ್ದು. ರೊಟ್ಟಿಯ ಜೋಳ ಅದಕ್ಕಿಂತ ಬಹಳ ಹಿಂದೆ ಆಫ್ರಿಕಾದಿಂದ ಬಂದದ್ದು.

ಹೊಸ ಗಿಡ ಬಂದಾಗ ಜನ ಅದನ್ನು ಗುರುತಿಸುವುದು ಹೇಗೆ? ತಮಗೆ ಗೊತ್ತಿರುವ ಗಿಡದ ಹೆಸರಿನಿಂದ. ಹಾಲು ಕಂಡವರು ಕಣಗಿಲೆ ಎಂದರು, ಅದಕ್ಕೆ 'ದೇವ' ಸೇರಿಸಿದರು. ಪರಿಮಳ ಮೂಸಿದವರು ಹಾಲುಸಂಪಿಗೆ ಎಂದರು. ಮರಾಠಿಯವರ ಚಾಫಾ ಎಂಬ ಹೆಸರೂ ಸಂಪಿಗೆಯದೇ. ದೂರದ ಲಾವೋಸ್ ದೇಶದಲ್ಲಿ ಇದು ರಾಷ್ಟ್ರೀಯ ಪುಷ್ಪ, ಅಲ್ಲಿಯೂ ಹೆಸರು 'ಚಂಪಾ'! ಆದರೆ ಸಸ್ಯಶಾಸ್ತ್ರದ ಪ್ರಕಾರ ಸಂಪಿಗೆಗೂ ಇದಕ್ಕೂ ನಂಟಿಲ್ಲ. ಕಣಗಿಲೆ ಮಾತ್ರ ಇದರ ಕುಟುಂಬದ್ದೇ. ಅಕ್ಷರ ಕಲಿಯದ ನಮ್ಮ ಹಿರಿಯರು ಹಾಲು ನೋಡಿ ಇಟ್ಟ ಹೆಸರು ಸರಿಯಾಗಿತ್ತು ಎಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಉರ್ದುವಿನಲ್ಲಿ ಇದು ಗುಲ್‌ಚೀನ್. 'ಚೀನದ ಹೂ' ಎಂದು ಅರ್ಥ ಹೇಳುವವರಿದ್ದಾರೆ. ಫಾರ್ಸಿಯಲ್ಲಿ ಗುಲ್‌ಚೀನ್ ಎಂದರೆ ಹೂ ಆರಿಸುವವನು. ಚೀನಕ್ಕಂತೂ ಇದು ಸೇರಿದ್ದಲ್ಲ. ತವರಿನ ಹೆಸರಿನ ಗುರುತು ಉಳಿದಿರುವುದು ಫಿಲಿಪ್ಪೀನ್ಸ್‌ನಲ್ಲಿ. ಸ್ಪೇನಿನ ಹಡಗುಗಳು ಮೆಕ್ಸಿಕೋದಿಂದ ಮನಿಲಾಗೆ ಬರುತ್ತಿದ್ದವು. ಅಲ್ಲಿಯ ಜನ ಇದನ್ನು 'ಕಲಾಚುಚಿ' ಎನ್ನುತ್ತಾರೆ. ಅದು ಮೆಕ್ಸಿಕೋದ ಅಜ್ಟೆಕ್ ಜನರ ಭಾಷೆಯ ಹೆಸರಿನ ರೂಪಾಂತರ. ವಿಜ್ಞಾನದ ಹೆಸರು ಪ್ಲುಮೇರಿಯಾ, ಕೆರಿಬಿಯನ್ ದ್ವೀಪಗಳಲ್ಲಿ ಗಿಡ ಹುಡುಕಿದ ಫ್ರೆಂಚ್ ಸನ್ಯಾಸಿ ಷಾರ್ಲ್ ಪ್ಲುಮಿಯೇ (1646–1704) ನೆನಪಿಗೆ ಇಟ್ಟದ್ದು. ಲಿನೇಯಸ್ 1753ರಲ್ಲಿ ಅದನ್ನೇ ಉಳಿಸಿಕೊಂಡ.

ಹೊಸ ಗಿಡದ ಬಗ್ಗೆ ದರಬಾರಿನಲ್ಲೇ ವಾದ ನಡೆದ ಪ್ರಸಂಗವೂ ಉಂಟು, ಅದರ ಬೇರು ನಮ್ಮ ಸೀಮೆಯಲ್ಲೇ ಇದೆ. ಅಕ್ಬರನ ರಾಯಭಾರಿ ಅಸದ್ ಬೇಗ್, ಎರಡನೆಯ ಇಬ್ರಾಹಿಂ ಆದಿಲಶಾಹಿಯ ಬಿಜಾಪುರಕ್ಕೆ (ಇಂದಿನ ವಿಜಯಪುರ) ಬಂದಾಗ, 1604ರ ಸುಮಾರಿಗೆ, ಅಲ್ಲಿ ತಂಬಾಕನ್ನು ಕಂಡು ಆಗ್ರಾಕ್ಕೆ ಒಯ್ದ. ಬಾದಾಮಿಯೂ ಆಗ ಬಿಜಾಪುರದ ಆಳ್ವಿಕೆಯಲ್ಲಿತ್ತು. ಬಾದಶಹ ಸೇದಿ ನೋಡಿದ. ನಮ್ಮ ಗ್ರಂಥಗಳಲ್ಲಿ ಇದರ ಉಲ್ಲೇಖವಿಲ್ಲ ಎಂದು ಹಕೀಮರು ತಡೆದರು. ಹೊಸದೆಂಬ ಒಂದೇ ಕಾರಣಕ್ಕೆ ಪರೀಕ್ಷಿಸದೆ ತಳ್ಳಬಾರದು ಎಂದು ಅಸದ್ ಬೇಗ್ ವಾದಿಸಿದ. ವಾದ ಒಳ್ಳೆಯದೇ, ತಂಬಾಕಿನ ವಿಷಯದಲ್ಲಿ ಮಾತ್ರ ಹಕೀಮರು ಗೆದ್ದರೆನ್ನಬೇಕು! 1617ರಲ್ಲಿ ಜಹಾಂಗೀರ ಅದನ್ನು ಸೇದುವುದನ್ನೇ ನಿಷೇಧಿಸಿದ.

ದೇವಕಣಗಿಲೆಗೆ ಅಂತಹ ವಿರೋಧಕ್ಕೆ ಕಾರಣವಿರಲಿಲ್ಲ. ನೀರು ಕೇಳುವುದಿಲ್ಲ, ದನ ಮೇಯುವುದಿಲ್ಲ. ಕಿತ್ತುಹಾಕಿದ ಟೊಂಗೆಯೂ ಬಹಳ ದಿನ ಜೀವ ಹಿಡಿದಿರುತ್ತದೆ, ಕೆಲವೊಮ್ಮೆ ಹೂವನ್ನೂ ಬಿಡುತ್ತದೆ. ಖಬರಸ್ತಾನದಲ್ಲಿ ದಿನಾ ನೀರು ಹಾಕುವವರು ಯಾರು? ತಾನಾಗಿ ಹೂವುದುರಿಸುವ ಮರ ಅಲ್ಲಿಗೆ ಹೊಂದಿಕೊಂಡಿತು. ಪ್ರವಾದಿ ಮುಹಮ್ಮದ್ (ಸ) ಅವರು ಹಸಿ ಖರ್ಜೂರದ ಗರಿಯನ್ನು ಸೀಳಿ ಎರಡು ಗೋರಿಗಳ ಮೇಲೆ ನೆಟ್ಟ ಸಂಗತಿ ಬುಖಾರಿ ಮತ್ತು ಮುಸ್ಲಿಂ ಹದೀಸ್ ಸಂಗ್ರಹಗಳಲ್ಲಿದೆ. ಅದನ್ನು ಇಂದು ಅನುಸರಿಸುವ ಬಗ್ಗೆ ಉಲೇಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆ ಈ ಲೇಖನದ್ದಲ್ಲ.

ಈಗ ಇದನ್ನು ಬರೆಯಲು ಕಾರಣ ಹೇಳುತ್ತೇನೆ. ಖಬರಸ್ತಾನಗಳಿಗೆ ಆವರಣ ಗೋಡೆ ಕಟ್ಟುವಾಗ ಈ ಹಳೆಯ ಮರಗಳನ್ನು ಬುಡಕ್ಕೇ ಕಡಿಯುವುದನ್ನು ನೋಡಿದ್ದೇನೆ. ಹಾಗೆ ಕಡಿದ ಒಂದು ಮರದ ಟೊಂಗೆಯನ್ನು ಅದೇ ದಿನ ಮನೆಗೆ ತಂದು ಎರೆಮಣ್ಣಿನಲ್ಲಿ ನೆಟ್ಟು, ಪ್ರೀತಿಯಿಂದ ದಿನಾ ನೀರು ಹಾಕಿದೆ. ಮೂರು ವಾರದಲ್ಲಿ ಬುಡ ಕೊಳೆತು ಕೈಗೆ ಬಂತು. ಮುಂದಿನ ವರ್ಷ ಬೇರೆ ಮರದ ಟೊಂಗೆ ತಂದು, ತಿಳಿದವರನ್ನು ಕೇಳಿ ಸರಿಯಾಗಿ ಮಾಡಿದೆ.

ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಮರ ಬೋಳಾಗಿರುವಾಗ, ಒಂದರಿಂದ ಒಂದೂವರೆ ಅಡಿಯ ಬಲಿತ ಟೊಂಗೆ ಕತ್ತರಿಸಿರಿ. ಹಾಲು ಕಣ್ಣಿಗೆ ತಾಗದಂತೆ ಎಚ್ಚರವಿರಲಿ. ನೆರಳಿನಲ್ಲಿ ಒಂದು ವಾರದಿಂದ ಹತ್ತು ದಿನ ಮಲಗಿಸಿ, ಕತ್ತರಿಸಿದ ಬಾಯಿ ಪೂರ್ತಿ ಒಣಗಬೇಕು. ಅರ್ಧ ಮಸಾರಿ ಮಣ್ಣು, ಅರ್ಧ ಉಸುಕು ಬೆರೆಸಿ ನಾಲ್ಕು ಇಂಚು ಆಳಕ್ಕೆ ನೆಡಿ, ಅಲುಗದಂತೆ ಕೋಲು ಕಟ್ಟಿ. ಒಮ್ಮೆ ನೀರು ಕೊಟ್ಟು ಸುಮ್ಮನಿರಿ. ಈ ಸುಮ್ಮನಿರುವುದೇ ಕಷ್ಟದ ಕೆಲಸ. ತುದಿಯಲ್ಲಿ ಎಲೆ ಬಿಚ್ಚಿದ ಮೇಲೆ ಮಾತ್ರ ಮತ್ತೆ ನೀರು. ಮಳೆಗಾಲದಲ್ಲಿ ಎಲೆಯಡಿ ಕೇಸರಿ ಪುಡಿ ಕಂಡರೆ ಅದು ತುಕ್ಕುರೋಗ, ಅಂತಹ ಎಲೆಗಳನ್ನು ಆರಿಸಿ ಸುಟ್ಟುಬಿಡಿ.

ನರ್ಸರಿಯಲ್ಲಿ ಕೊಳ್ಳುವುದಾದರೆ ಎಲೆ ನೋಡಿರಿ. ಎಲೆಯ ತುದಿ ಚೂಪಾಗಿದ್ದರೆ ನಮ್ಮ ಖಬರಸ್ತಾನದ ಜಾತಿ. ತುದಿ ದುಂಡಾಗಿ, ಚಳಿಗಾಲದಲ್ಲೂ ಬಹುಮಟ್ಟಿಗೆ ಹಸಿರಾಗಿದ್ದರೆ ಇನ್ನೊಂದು. ಹಾವಿನ ಹೆಡೆಯಂತಹ ಎಲೆಯದು, ಈಚೆಗೆ ಕಚೇರಿಗಳ ಮುಂದೆ ಸಾಲಾಗಿ ನೆಡುವುದು, ಮೂರನೆಯದು.

ನನ್ನ ಎರಡನೆಯ ಟೊಂಗೆ ಬದುಕಿದೆ. ಈಗ ಅದು ನನಗಿಂತ ಎತ್ತರವಾಗಿದೆ. ನಿಮ್ಮ ಊರಲ್ಲಿ ಗೋಡೆ ಕಟ್ಟುವ ಮಾತು ಬಂದಿದ್ದರೆ ಮೊದಲು ಜಮಾಅತಿನ ಹಿರಿಯರನ್ನು ಕೇಳಿ ಒಂದು ಟೊಂಗೆ ತೆಗೆದಿಟ್ಟುಕೊಳ್ಳಿ, ಯಾವ ಮರದ್ದು, ಯಾವ ದಿನ ನೆಟ್ಟದ್ದು ಎಂದು ಚೀಟಿಯಲ್ಲಿ ಬರೆದು ಕುಂಡಕ್ಕೆ ಕಟ್ಟಿರಿ.