ತರಗತಿಯ ಗಾತ್ರ ಮತ್ತು ಕಲಿಕೆ: ಸಂಖ್ಯೆ ಇಳಿದರಷ್ಟೇ ಸಾಕೆ?

ತರಗತಿಯಲ್ಲಿ ಮಕ್ಕಳು ಕಡಿಮೆಯಿದ್ದರೆ ಕಲಿಕೆ ಹೆಚ್ಚುತ್ತದೆ ಎಂಬ ನಂಬಿಕೆಗೆ ಬಲವಾದ ಆಧಾರ ಒದಗಿಸಿದ್ದು ಅಮೆರಿಕದ ಟೆನೆಸಿ ರಾಜ್ಯದಲ್ಲಿ 1985ರಿಂದ 1989ರವರೆಗೆ ನಡೆದ ಸ್ಟಾರ್ ಪ್ರಯೋಗ. 79 ಶಾಲೆಗಳ ಸುಮಾರು 11,600 ಮಕ್ಕಳನ್ನೂ ಅವರ ಶಿಕ್ಷಕರನ್ನೂ ಯಾದೃಚ್ಛಿಕವಾಗಿ ಹಂಚಿ, 13ರಿಂದ 17 ಮಕ್ಕಳ ತರಗತಿಗಳನ್ನು 22ರಿಂದ 25 ಮಕ್ಕಳ ತರಗತಿಗಳೊಡನೆ ಹೋಲಿಸಲಾಯಿತು. ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ 1999ರಲ್ಲಿ ಪ್ರಕಟಿಸಿದ ಮರುವಿಶ್ಲೇಷಣೆಯಂತೆ, ಸಣ್ಣ ತರಗತಿಯ ಮಕ್ಕಳು ಮೊದಲ ವರ್ಷದಲ್ಲೇ ಸುಮಾರು 4 ಪರ್ಸೆಂಟೈಲ್‌ನಷ್ಟು ಮುಂದಿದ್ದರು. ಬಡ ಮಕ್ಕಳಿಗೂ ಕಪ್ಪು ಜನಾಂಗದ ಮಕ್ಕಳಿಗೂ ಲಾಭ ಇನ್ನೂ ಹೆಚ್ಚು. ಈ ಫಲಿತಾಂಶವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದು ತರಬೇತಿ ಪಡೆದ ಶಿಕ್ಷಕರು ದಿನವೂ ಪಾಠ ಮಾಡುತ್ತಿದ್ದ ಶಾಲೆಗಳಲ್ಲಿ ದೊರೆತದ್ದು. ಆ ಸ್ಥಿತಿ ಇಲ್ಲದಲ್ಲಿ ಸಂಖ್ಯೆಯ ಇಳಿಕೆ ತಾನಾಗಿಯೇ ಫಲ ಕೊಡದು ಎಂಬುದು ಈ ಲೇಖನದ ವಾದ.

ಇದಕ್ಕೆ ಸ್ಪಷ್ಟ ಸಾಕ್ಷ್ಯ ಕೀನ್ಯಾದಲ್ಲಿದೆ. ಎಸ್ತರ್ ಡುಫ್ಲೊ, ಪಾಸ್ಕಲಿನ್ ದ್ಯುಪಾ, ಮೈಕೆಲ್ ಕ್ರೆಮರ್ ಅಧ್ಯಯನ ಮಾಡಿದ ಶಾಲೆಗಳಿಗೆ ತಲಾ ಒಬ್ಬ ಗುತ್ತಿಗೆ ಶಿಕ್ಷಕರನ್ನು ಹೆಚ್ಚುವರಿಯಾಗಿ ಒದಗಿಸಿದಾಗ, ತರಗತಿಯ ಸರಾಸರಿ ಗಾತ್ರ 82ರಿಂದ 44ಕ್ಕೆ ಇಳಿಯಿತು. ಆದರೂ ಹಳೆಯ ಸರ್ಕಾರಿ ಶಿಕ್ಷಕರ ಬಳಿಯೇ ಉಳಿದ ಮಕ್ಕಳ ಅಂಕಗಳಲ್ಲಿ ಗಣನೀಯ ಏರಿಕೆ ಕಾಣಲಿಲ್ಲ. ಹೊಸ ನೆರವು ಬಂದೊಡನೆ ಆ ಶಿಕ್ಷಕರ ಶ್ರಮವೇ ತಗ್ಗಿತ್ತು. 44 ಇನ್ನೂ ದೊಡ್ಡ ಸಂಖ್ಯೆಯಲ್ಲವೇ ಎಂದು ಆಕ್ಷೇಪಿಸಬಹುದು. ಆದರೆ ಹಾಗೆಯೇ ಅರ್ಧಕ್ಕಿಳಿದ ಪಕ್ಕದ ತರಗತಿಗಳಲ್ಲಿ, ತಪ್ಪದೆ ಹಾಜರಾಗುತ್ತಿದ್ದ ಗುತ್ತಿಗೆ ಶಿಕ್ಷಕರ ಮಕ್ಕಳು ಮುಂದೆ ಬಂದರು. ಇದು ಗುತ್ತಿಗೆ ನೇಮಕಾತಿಯ ಸಮರ್ಥನೆಯಲ್ಲ, ಶಿಕ್ಷಕರ ಹಾಜರಿ ಮತ್ತು ಹೊಣೆಗಾರಿಕೆಯ ತೂಕವನ್ನು ತೋರುವ ಪುರಾವೆ. 1996ರಲ್ಲಿ ಕ್ಯಾಲಿಫೋರ್ನಿಯ ಎಳೆಯ ತರಗತಿಗಳನ್ನು ಸುಮಾರು 30ರಿಂದ 20ಕ್ಕೆ ಇಳಿಸಲು ಹೊರಟಾಗಲೂ, ಅವಸರದ ನೇಮಕಾತಿಯಲ್ಲಿ ಅನನುಭವಿಗಳೂ ಪೂರ್ಣ ಅರ್ಹತೆಯಿಲ್ಲದವರೂ ಬಂದು, ಲಾಭದ ಒಂದಂಶ ಸೋರಿಹೋಯಿತು.

ಇಂಥ ವಾದ ಕಿಕ್ಕಿರಿದ ತರಗತಿಗಳಿಗೆ ಸರ್ಕಾರ ಕೊಡುವ ನೆಪವಾದೀತು ಎಂಬ ಆತಂಕ ಸಹಜ. ವಾಸ್ತವದಲ್ಲಿ ಇದು ಸರ್ಕಾರದ ಹೊಣೆಯನ್ನು ಹೆಚ್ಚಿಸುತ್ತದೆ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಸಾಕು. ಐದು ತರಗತಿಗಳನ್ನು ಇಬ್ಬರು ಹಂಚಿಕೊಂಡಾಗ ಅನುಪಾತ ಕಡತದಲ್ಲಿ ಸರಿಯಿರುತ್ತದೆ, ಪ್ರತಿ ತರಗತಿಗೆ ಸಿಗುವ ಪಾಠದ ಹೊತ್ತು ಮಾತ್ರ ಅರ್ಧಕ್ಕಿಂತ ಕಡಿಮೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಬೋಧನಾ ಪದ್ಧತಿ ಈ ಬಹುವರ್ಗ ಬೋಧನೆಗೆ ತಕ್ಕ ಕಲಿಕಾ ಕಾರ್ಡು, ಗುಂಪು ಚಟುವಟಿಕೆಗಳನ್ನು ರೂಪಿಸಿದ್ದರಿಂದಲೇ ಗಮನಾರ್ಹ. ಆದ್ದರಿಂದ ನೀತಿ ನಿರೂಪಕರು ಅಳೆಯಬೇಕಾದದ್ದು ಪ್ರತಿ ಮಗುವಿಗೆ ನಿಜವಾಗಿ ದಕ್ಕುವ ಬೋಧನೆಯ ಸಮಯವನ್ನು. ಒಂದರಿಂದ ಮೂರನೆಯ ತರಗತಿಗಳಿಗೆ, ಅದರಲ್ಲೂ ಬಡ ಮಕ್ಕಳ ಶಾಲೆಗಳಿಗೆ, ಅರ್ಹ ಶಿಕ್ಷಕರನ್ನು ಮೊದಲು ಒದಗಿಸಿದರೆ ಗಾತ್ರ ಇಳಿಸಲು ಮಾಡುವ ವೆಚ್ಚಕ್ಕೆ ಹೆಚ್ಚು ಪ್ರತಿಫಲ ಸಿಗುತ್ತದೆ.