ಹೂರಣದ ನೀರು: ಪಿಜ್ಜಾ ರುಸ್ತಿಕಾ ನಡೆದು ಬಂದ ದಾರಿ

ಪಿಜ್ಜಾ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ತೆರೆದ ರೊಟ್ಟಿ. ದಕ್ಷಿಣ ಇಟಲಿಯ ಕಂಪಾನಿಯಾ ಸೀಮೆಯವರು ಈಸ್ಟರ್‌ಗೆ ಮಾಡುವ ಪಿಜ್ಜಾ ರುಸ್ತಿಕಾ ಮಾತ್ರ ಬಾಯಿ ಮುಚ್ಚಿದ ಪೈ. ಕೆಳಗೆ ಮೇಲೆ ಕಣಕದ ಹಾಳೆ. ನಡುವೆ ರಿಕೊಟ್ಟಾ, ಮೊಟ್ಟೆ, ಹೊಗೆಯಾಡಿಸಿದ ಪ್ರೊವೊಲಾ ಚೀಸ್, ಸಣ್ಣಗೆ ಹೆಚ್ಚಿದ ಸಲಾಮಿ, ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸ. ಇದರ ಚರಿತ್ರೆಯನ್ನು ಬರೆಯುವವರು ರುಚಿಯ ಜಾಡು ಹಿಡಿಯುತ್ತಾರೆ. ನನಗೆ ಕಾಣುವುದು ನೀರಿನ ಜೊತೆಗಿನ ಗುದ್ದಾಟ.

ಕ್ರಿ.ಪೂ. 160ರ ಸುಮಾರಿಗೆ ರೋಮಿನ ಕೇಟೋ ಬರೆದ ಕೃಷಿ ಕೈಪಿಡಿಯಲ್ಲಿ 'ಪ್ಲಸೆಂತಾ' ಎಂಬ ಪದರು ಪದರಿನ ಪೈ ಇದೆ. 14 ಪೌಂಡ್ ಕುರಿಹಾಲಿನ ಚೀಸ್, ನಾಲ್ಕೂವರೆ ಪೌಂಡ್ ಜೇನು. ಚೀಸನ್ನು ನೀರಲ್ಲಿ ನೆನೆಸಿ, ಮೂರು ಸಲ ನೀರು ಬದಲಿಸಿ, ಕೈಯಲ್ಲೇ ಚೆನ್ನಾಗಿ ಹಿಂಡಿ, ಅರೆದು, ಜರಡಿಯಲ್ಲಿ ಉಜ್ಜಿ ಇಳಿಸಬೇಕಂತೆ. ಕಾಸಿಗೆ ಕಾಸು ಲೆಕ್ಕ ಹಾಕುತ್ತಿದ್ದ ಕೇಟೋ ಇಷ್ಟೊಂದು ಜೇನು ಸುರಿದದ್ದೇ ಸೋಜಿಗ. ಅದು ಸಿಹಿತಿಂಡಿ, ನಿಜ. ಆದರೆ ಆ ಹಿಂಡುವ ಕೆಲಸ ಇಂದಿಗೂ ತಪ್ಪಿಲ್ಲ.

ಮಧ್ಯಯುಗದಲ್ಲಿ ಹೂರಣಕ್ಕೆ ಮಾಂಸ ಬಂತು. 1300ರ ಆಸುಪಾಸಿನಲ್ಲಿ ನೇಪಲ್ಸ್‌ನ ಆಂಜು ದೊರೆಗಳ ಆಸ್ಥಾನದಲ್ಲಿ ಸಿದ್ಧವಾಯಿತೆನ್ನಲಾದ 'ಲಿಬರ್ ದೆ ಕೊಕ್ವಿನಾ' ಎಂಬ ಲ್ಯಾಟಿನ್ ಪಾಕಪುಸ್ತಕ, ಕೋಳಿಮಾಂಸ ಮತ್ತು ಚೀಸನ್ನು ಪದರಗಳಲ್ಲಿ ತುಂಬುವ 'ಟೋರ್ತಾ' ಎಂಬ ದೊಡ್ಡ ಪೈ ಒಂದನ್ನು ವಿವರಿಸುತ್ತದೆ. ಆ ಕಾಲದಲ್ಲಿ ಎಷ್ಟೋ ಪೈಗಳಿಗೆ ಕಣಕವೇ ಪಾತ್ರೆ. ರಸ ಸೋರದಂತೆ ದಪ್ಪಗೆ ಕಟ್ಟುತ್ತಿದ್ದರು. ಮುಂದೆ ಹಂದಿಕೊಬ್ಬು ಬೆರೆಸಿದ, ಬಾಯಲ್ಲಿ ಪುಡಿಯಾಗುವ ತೆಳು ಕಣಕ ಬಂದಾಗ ತಿನ್ನುವವರು ಗೆದ್ದರು, ಮಾಡುವವರಿಗೆ ರಸ ತಡೆಯುವ ತಲೆನೋವು ಶುರುವಾಯಿತು.

ಇದು ಈಸ್ಟರ್ ತಿಂಡಿಯಾದದ್ದಕ್ಕೆ ಕಾರಣ ಪಂಚಾಂಗ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ 40 ದಿನ ಹಿಂದೆಲ್ಲ ಮಾಂಸವಿರಲಿಲ್ಲ. ಮೊಟ್ಟೆ, ಹಾಲು, ಚೀಸಿಗೂ ನಿಷೇಧವಿತ್ತು. ಕೋಳಿಗಳಿಗೆ ಯಾವ ವ್ರತ? ಅವು ಇಡುತ್ತಲೇ ಇದ್ದವು, ಬುಟ್ಟಿಯಲ್ಲಿ ಮೊಟ್ಟೆ ರಾಶಿಯಾಗುತ್ತಿತ್ತು. ಚಳಿಗಾಲದಲ್ಲಿ ಕೊಯ್ದ ಹಂದಿಯ ಸಲಾಮಿ ಅಷ್ಟರಲ್ಲಿ ಹದಕ್ಕೆ ಬಂದಿರುತ್ತಿತ್ತು. ವಸಂತದ ಹುಲ್ಲು ಮೇಯ್ದ ಕುರಿಗಳ ಹಾಲೂ ಹೇರಳ. ಎಲ್ಲವೂ ಒಂದೇ ವಾರದಲ್ಲಿ ಅಡುಗೆಮನೆಗೆ ನುಗ್ಗಿದರೆ ಅದನ್ನೆಲ್ಲ ಹಿಡಿದಿಡಲು ಇಂಥದೊಂದು ಪೈ ಬೇಕೇ ಬೇಕು. ಇದರ ಒಡಹುಟ್ಟು 'ಪಿಜ್ಜಾ ಕಿಯೇನಾ'ಕ್ಕೆ ಹುದುಗು ಬಂದ ಬ್ರೆಡ್ ಹಿಟ್ಟೇ ಕಣಕ. ರುಸ್ತಿಕಾಕ್ಕೆ ಕೆಲವು ಮನೆಗಳಲ್ಲಿ ಸಕ್ಕರೆ ಹಾಕಿದ ಕಣಕವನ್ನೇ ಬಳಸುತ್ತಾರೆ. ಸಿಹಿ ಕಣಕದೊಳಗೆ ಉಪ್ಪು ಸಲಾಮಿ ಎಂದರೆ ಮೂಗು ಮುರಿಯುವವರಿದ್ದಾರೆ; ನನ್ನ ಮತ ಸಿಹಿಯ ಕಡೆಗೇ.

1880ರಿಂದ 1924ರ ವಲಸೆ ಕಾಯ್ದೆಯವರೆಗೆ ಲಕ್ಷಾಂತರ ದಕ್ಷಿಣ ಇಟಲಿಯವರು ಅಮೆರಿಕಕ್ಕೆ ಹೋದರು, ಪೈ ಕೂಡ ಹೋಯಿತು. ನ್ಯೂಯಾರ್ಕ್, ನ್ಯೂಜೆರ್ಸಿಯ ಮನೆಗಳಲ್ಲಿ ಅದು 'ಪಿಜ್ಜಾಗೇನ' ಆಯಿತು, ಮಾಂಸ ಅಗ್ಗವಾದ್ದರಿಂದ ಎತ್ತರವೂ ಬೆಳೆಯಿತು. ಆಫ್ರಿಕನ್ ಹಂದಿಜ್ವರದ ಭಯದಿಂದ 1967ರಲ್ಲಿ ಇಟಲಿಯ ಹಂದಿಮಾಂಸಕ್ಕೆ ಅಮೆರಿಕ ಬಾಗಿಲು ಹಾಕಿತು. ಪಾರ್ಮಾದ ಪ್ರೊಶುತ್ತೋ ಎಂಬ ಒಣಗಿಸಿದ ಹಂದಿತೊಡೆ ಮತ್ತೆ ಬಂದದ್ದು 1989ರಲ್ಲಿ. ನಡುವಿನ ವರ್ಷಗಳಲ್ಲಿ ಸ್ಥಳೀಯ ಮಾಂಸವೇ ಗತಿ.

ವಿಧಾನದ ಗುಟ್ಟೆಲ್ಲ ರಿಕೊಟ್ಟಾದಲ್ಲಿದೆ. ಹಾಲೊಡಕನ್ನು ಮತ್ತೆ ಕಾಯಿಸಿ ತೆಗೆಯುವ ಈ ಚೀಸಿನ ಮೈತುಂಬ ನೀರು. ಹಿಂದಿನ ರಾತ್ರಿಯೇ ತೆಳುಬಟ್ಟೆಯಲ್ಲಿ ಕಟ್ಟಿ ತೂಗುಹಾಕಬೇಕು. ಮೊಟ್ಟೆ, ಮೆಣಸಿನಪುಡಿ, ತುರಿದ ಪೆಕೊರೀನೊ ಚೀಸ್ ಬೆರೆಸಬೇಕು. ಉಪ್ಪು ಸಲಾಮಿಯಲ್ಲೇ ಇದೆ, ಕೈ ಬಿಗಿಹಿಡಿಯಬೇಕು. ಮೇಲಿನ ಹಾಳೆಗೆ ಚುಚ್ಚಿ ತೂತು ಮಾಡಿದರೆ ಹಬೆ ಹೋಗುತ್ತದೆ. 180 ಡಿಗ್ರಿಯಲ್ಲಿ ಒಂದು ಗಂಟೆ ಬೇಯಿಸಿ, ಪೂರ್ತಿ ಆರಿದ ಮೇಲೆ ಕೊಯ್ಯಬೇಕು. ಬಿಸಿಯಲ್ಲೇ ಚಾಕು ಹಾಕಿದರೆ ಹೂರಣ ಹರಿದು ತಟ್ಟೆ ಸೇರುತ್ತದೆ.

ಈಗ ಅಂಗಡಿಯಲ್ಲಿ ಲಟ್ಟಿಸಿದ ಪಫ್ ಹಾಳೆ ಸಿಗುತ್ತದೆ, ಪೈ ಈಸ್ಟರ್‌ಗೆ ಕಾಯುವುದೂ ಇಲ್ಲ. ಆ ಹಾಳೆಯ ತಳ ಬೇಗ ಒದ್ದೆಯಾಗುವುದರಿಂದ ಹೂರಣ ಸುರಿಯುವ ಮೊದಲು ಒಂದು ಹಿಡಿ ಒಣ ಬ್ರೆಡ್ ಪುಡಿ ಹರಡುವುದು ರೂಢಿಗೆ ಬಂದಿದೆ.