ನಾಲ್ಕು ಚೌಕ, ಒಂದು ತಟ್ಟೆ: ಬಿಸ್ಕತ್ತಿನ ಮೇಲೆ ಕಾಮಿಕ್ಸ್ ಮೂಡಿದ ಬಗೆ

ಮೊದಲನೆಯ ಬಿಸ್ಕತ್ತಿನಲ್ಲಿ ಅಜ್ಜಿ ಡಬ್ಬಿಗೆ ಚಕ್ಕುಲಿ ತುಂಬಿಡುತ್ತಿದ್ದಾಳೆ. ಎರಡನೆಯದರಲ್ಲಿ ಮೊಮ್ಮಗ ಕಿಟಕಿಯಿಂದ ಇಣುಕುತ್ತಿದ್ದಾನೆ. ಮೂರನೆಯದರಲ್ಲಿ ಡಬ್ಬಿ ಖಾಲಿ, ಸುತ್ತ ಬರೀ ಪುಡಿ. ನಾಲ್ಕನೆಯದರಲ್ಲಿ ಅಜ್ಜಿ ಸೌಟು ಹಿಡಿದು ನಿಂತಿದ್ದಾಳೆ, ಓಡುವ ಹುಡುಗನ ಒಂದು ಕಾಲು ಮಾತ್ರ ಅಂಚಿನಲ್ಲಿ ಕಾಣುತ್ತಿದೆ. ತಂಗಿಯ ಮಗನ ಹುಟ್ಟುಹಬ್ಬಕ್ಕೆಂದು ಎರಡು ದಿನ ಕೂತು ಬರೆದ ಕಥೆ ಇದು. ಬಂದಿದ್ದ ಮಕ್ಕಳಲ್ಲೊಬ್ಬ ಸೀದಾ ಮೂರನೆಯದಕ್ಕೆ ಕೈ ಹಾಕಿ ಬಾಯಿಗಿಟ್ಟುಕೊಂಡ. ಕಥೆಯಲ್ಲಿ ನಡೆದ ಕಳ್ಳತನ ತಟ್ಟೆಯಲ್ಲೂ ನಡೆಯಿತು.

ಬಿಸ್ಕತ್ತಿನ ಮೇಲೆ ಕೈಯಿಂದ ಕಾಮಿಕ್ಸ್ ಬರೆಯುವ ಈ ಹವ್ಯಾಸ ಹೊಸದು. ಆದರೆ ಇದರಲ್ಲಿ ಬಂದು ಸೇರಿರುವ ಎರಡು ಹೊಳೆಗಳೂ ಹಳೆಯವು: ತಿನಿಸಿನ ಮೇಲೆ ಚಿತ್ರ ಮೂಡಿಸುವುದು ಒಂದು, ಚಿತ್ರವನ್ನು ಚೌಕಗಳಾಗಿ ಒಡೆದು ಕಥೆ ಹೇಳುವುದು ಇನ್ನೊಂದು. ಎರಡನ್ನೂ ಹಿಡಿದು ಹಿಂದಕ್ಕೆ ಹೋದರೆ ಉದ್ದಕ್ಕೂ ಕಣ್ಣಿಗೆ ಬೀಳುವ ಸಂಗತಿಯೊಂದಿದೆ. ಈ ಕಲೆಯಲ್ಲಿ ಬರೆಯುವ ಹೊತ್ತಿಗಿಂತ ಒಣಗಿಸುವ ಹೊತ್ತೇ ದೊಡ್ಡದು.

ಅಚ್ಚಿನ ಕಾಲ

ಜರ್ಮನ್ ಭಾಷೆಯ ಸೀಮೆಯಲ್ಲಿ ಸ್ಪ್ರಿಂಗರ್ಲೆ ಎಂಬ ಬಿಸ್ಕತ್ತುಂಟು. ಮೊಟ್ಟೆ, ಸಕ್ಕರೆ, ಮೈದಾ ಕಲಸಿ ನಾದಿದ ಹಿಟ್ಟನ್ನು ಲಟ್ಟಿಸಿ, ಮರದಲ್ಲಿ ಕೆತ್ತಿದ ಅಚ್ಚನ್ನು ಅದರ ಮೇಲೆ ಒತ್ತುತ್ತಾರೆ. ಜಿಂಕೆಯ ಕೊಂಬಿನಿಂದ ತೆಗೆಯುತ್ತಿದ್ದ ಒಂದು ಬಗೆಯ ಉಪ್ಪು ಹಿಂದೆ ಅದನ್ನು ಉಬ್ಬಿಸುತ್ತಿತ್ತು. ಒತ್ತಿದ ಕೂಡಲೇ ಒಲೆಗೆ ಹೋಗುವುದಿಲ್ಲ. ಸುಮಾರು ಒಂದು ದಿನ ಗಾಳಿಗೆ ಆರಬೇಕು. ಮೇಲ್ಪದರ ಒಣಗಿ ಬಿಗಿಯಾದರೆ ಬಿಸ್ಕತ್ತು ಕೆಳಗಿನಿಂದ ಉಬ್ಬಿ ಎದ್ದು, ಮೇಲಿನ ಚಿತ್ರ ಹಾಗೇ ಉಳಿಯುತ್ತದೆ. ಅವಸರ ಮಾಡಿದರೆ ಕುರಿಮರಿಯ ಮುಖ ಒಲೆಯೊಳಗೆ ಕರಗಿ ಹರಡುತ್ತದೆ. ಕುರಿಮರಿಯ ಮಾತು ಸುಮ್ಮನೆ ಬಂದಿಲ್ಲ: ಸ್ವಿಟ್ಜರ್ಲೆಂಡಿನ ವಿಲ್ ಊರಿನ ಕ್ರೈಸ್ತ ಸನ್ಯಾಸಿನಿಯರ ಮಠದಿಂದ ಬಂದ, 14ನೇ ಶತಮಾನದ್ದೆನ್ನಲಾದ ದುಂಡನೆಯ ಅಚ್ಚಿನಲ್ಲಿರುವುದು ಈಸ್ಟರ್ ಹಬ್ಬದ ಕುರಿಮರಿಯೇ.

ಚಿತ್ರವಿರುವ ತಿನಿಸು ರಾಜಕಾರಣಕ್ಕೂ ಒದಗಿತ್ತು. 1487ರಲ್ಲಿ ಚಕ್ರವರ್ತಿ ಮೂರನೇ ಫ್ರೆಡರಿಕ್ ನ್ಯೂರೆಂಬರ್ಗಿನ ಮಕ್ಕಳಿಗೆ ತನ್ನ ಮುಖ ಮೂಡಿಸಿದ ಲೆಬ್‌ಕೂಖೆನ್ ಎಂಬ ಮಸಾಲೆ ಬಿಸ್ಕತ್ತು ಹಂಚಿಸಿದನೆಂಬ ಪ್ರತೀತಿ ಆ ಊರಲ್ಲಿದೆ. ಇಂಗ್ಲೆಂಡಿನ ಮೊದಲನೇ ಎಲಿಜಬೆತ್ ರಾಣಿ ಅರಮನೆಗೆ ಬಂದ ಗಣ್ಯರ ರೂಪದಲ್ಲೇ ಶುಂಠಿ ಬಿಸ್ಕತ್ತು ಮಾಡಿಸುತ್ತಿದ್ದಳಂತೆ. ಅತಿಥಿ ತನ್ನ ತಲೆಯನ್ನು ತಾನೇ ಕಡಿದು ತಿನ್ನಬೇಕಿತ್ತು!

ನಮಗೂ ಅಚ್ಚು ಹೊಸದೇನಲ್ಲ. ಸಂಕ್ರಾಂತಿಗೆ ನೆನೆಸಿಟ್ಟ ಮರದ ಅಚ್ಚಿಗೆ ಸಕ್ಕರೆ ಪಾಕ ಹೊಯ್ದು ಗಿಳಿ, ಆನೆ, ತುಳಸಿಕಟ್ಟೆ ತೆಗೆಯುವವರಿಗೆ ಪಾಕದ ಹದ ಮತ್ತು ಆರುವ ಹೊತ್ತು ಎರಡೂ ಗೊತ್ತಿರಬೇಕು. ಆದರೆ ಅಚ್ಚಿಗೆ ಒಂದು ಮಿತಿಯುಂಟು. ಕೆಲವು ಸ್ಪ್ರಿಂಗರ್ಲೆ ಹಲಗೆಗಳಲ್ಲಿ ಚೌಕ ಚೌಕವಾಗಿ ಹತ್ತಾರು ಚಿತ್ರಗಳಿರುತ್ತವೆ. ನೋಡಿದರೆ ಕಾಮಿಕ್ಸಿನ ಪುಟದಂತೆಯೇ ಕಾಣುತ್ತದೆ. ಅಲ್ಲಿ ಹಕ್ಕಿಯ ಪಕ್ಕ ಹೂವಿದೆ, ಹೂವಿನ ಪಕ್ಕ ಮನೆಯಿದೆ, ಆದರೆ ಹಕ್ಕಿ ಮನೆಗೆ ಹೋಗುವುದಿಲ್ಲ. ಚಿತ್ರಗಳಿವೆ, ಕಥೆಯಿಲ್ಲ.

ಸಕ್ಕರೆಯ ಕಾಗದ

ಕೈಯಿಂದ ಗೆರೆ ಎಳೆಯಲು ಕಾಗದದಂಥ ನುಣುಪಾದ ನೆಲ ಬೇಕು. ಅದನ್ನು ಕೊಟ್ಟದ್ದು ಮೊಟ್ಟೆಯ ಬಿಳಿ ಮತ್ತು ನುಣ್ಣಗಿನ ಸಕ್ಕರೆಪುಡಿ. 1769ರಲ್ಲಿ ಎಲಿಜಬೆತ್ ರಾಫಲ್ಡ್ ಬರೆದ ಇಂಗ್ಲಿಷ್ ಪಾಕಪುಸ್ತಕದಲ್ಲಿ ಕೇಕಿಗೆ ಬಾದಾಮಿ ಪದರ ಕೊಟ್ಟು ಮೇಲೆ ಸಕ್ಕರೆ ಲೇಪಿಸುವ ವಿಧಾನವಿದೆ. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಯ ಕೇಕು ಆದ ಮೇಲೆ ಈ ಲೇಪಕ್ಕೆ ರಾಯಲ್ ಐಸಿಂಗ್ ಎಂಬ ಹೆಸರು ಮನೆಮಾತಾಯಿತು. ಒಣಗಿದ ಮೇಲೆ ಇದು ಬೆರಳಿಗೆ ಅಂಟುವುದಿಲ್ಲ, ಮೇಲೆ ಬರೆದರೂ ಕುಸಿಯುವುದಿಲ್ಲ.

ಅದೇ ಯುರೋಪಿನ ಇನ್ನೊಂದು ಮೂಲೆಯಲ್ಲಿ, ಉತ್ತರ ಕ್ರೊಯೇಷಿಯಾದಲ್ಲಿ, ಲಿಸಿತಾರ್ ಎಂಬ ಕೆಂಪು ಹೃದಯಾಕಾರದ ಶುಂಠಿ ಬಿಸ್ಕತ್ತು ಬೆಳೆದು ಬಂತು. ಅಂಚಿಗೆ ಐಸಿಂಗಿನ ಬಳ್ಳಿ, ನಡುವೆ ಪುಟ್ಟ ಕನ್ನಡಿ, ಜೊತೆಗೆ ಒಂದು ಪದ್ಯವೋ ಒಲವಿನ ಮಾತೋ. ಈ ಕಸುಬನ್ನು ಯುನೆಸ್ಕೊ 2010ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಕಥೆಗೆ ಇದು ಮುಖ್ಯ: ಬಿಸ್ಕತ್ತು ಇಲ್ಲಿ ಮಾತಾಡುತ್ತದೆ.

ಚೌಕಗಳ ಹೊಳೆ

ಜಿನೀವಾದ ರೊಡಾಲ್ಫ್ ಟೊಫರ್ 1830ರ ದಶಕದಲ್ಲಿ ಚಿತ್ರವನ್ನು ಚೌಕಗಳಾಗಿ ಸಾಲುಗಟ್ಟಿಸಿ, ಕೆಳಗೆ ಒಕ್ಕಣೆ ಬರೆದು ಪುಸ್ತಕ ತಂದ. 1865ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಬುಶ್ ಪೋಕರಿ ಹುಡುಗರಾದ ಮ್ಯಾಕ್ಸ್ ಮತ್ತು ಮೊರಿಟ್ಸ್‌ರ ಚಿತ್ರಕಥೆ ಬರೆದ. ಅದರ ಆರನೆಯ ಕಿತಾಪತಿ ನಡೆಯುವುದು ಬೇಕರಿಯಲ್ಲೇ: ಕದಿಯಲು ಹೋದವರು ಹಿಟ್ಟಿನೊಳಗೆ ಬೀಳುತ್ತಾರೆ, ಬೇಕರಿಯವನು ಅವರನ್ನೂ ಬ್ರೆಡ್ ಮಾಡಿ ಸುಡುತ್ತಾನೆ, ಅವರು ಹೊರಪದರವನ್ನು ಕಡಿದುಕೊಂಡು ಹೊರಬರುತ್ತಾರೆ.

1895ರ ಹೊತ್ತಿಗೆ ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ರಿಚರ್ಡ್ ಔಟ್‌ಕಾಲ್ಟ್‌ನ ಹಳದಿ ಅಂಗಿಯ ಹುಡುಗ ಕಾಣಿಸಿಕೊಂಡ. ಅವನ ಮಾತುಗಳು ಅವನ ಅಂಗಿಯ ಮೇಲೇ ಅಚ್ಚಾಗುತ್ತಿದ್ದವು. ಜನಪ್ರಿಯತೆ ಏರಿದಂತೆ ಅವನ ಚಿತ್ರ ಬಿಸ್ಕತ್ತಿನ ಡಬ್ಬಿಗಳಿಗೂ ಹತ್ತಿತು. 1902ರಲ್ಲಿ ಅಮೆರಿಕದ ನ್ಯಾಷನಲ್ ಬಿಸ್ಕೆಟ್ ಕಂಪನಿ ಪ್ರಾಣಿಗಳ ಆಕಾರದ ಬಿಸ್ಕತ್ತನ್ನು ಸರ್ಕಸ್ ಬಂಡಿಯ ಚಿತ್ರವಿದ್ದ ದಾರ ಕಟ್ಟಿದ ಪೆಟ್ಟಿಗೆಯಲ್ಲಿ ಮಾರಿತು. ಎಲ್ಲ ಕಡೆಯೂ ಚಿತ್ರ ಡಬ್ಬಿಯ ಮೇಲೆ, ತಿನಿಸು ಡಬ್ಬಿಯೊಳಗೆ. ನಡುವೆ ಒಂದು ತಗಡಿನಷ್ಟೇ ಅಂತರ; ಅದನ್ನು ದಾಟಲು ಹೆಚ್ಚುಕಡಿಮೆ ಒಂದು ಶತಮಾನವೇ ಬೇಕಾಯಿತು.

ಅಡುಗೆಮನೆಗೆ ಬಂದ ಕಾಮಿಕ್ಸ್

ಆ ಅಂತರ ದಾಟಿಸಿದ್ದು ಸಲಕರಣೆಗಳು. 1929ರಲ್ಲಿ ಶಿಕಾಗೊದಲ್ಲಿ ಶುರುವಾದ ವಿಲ್ಟನ್ ಸಂಸ್ಥೆ ಐಸಿಂಗ್ ಕಲೆಯ ತರಗತಿ ನಡೆಸಿ, ಬಣ್ಣ, ನಳಿಕೆಗಳನ್ನು ಮಾರಿ ವೃತ್ತಿಯವರ ಗುಟ್ಟನ್ನು ಗೃಹಿಣಿಯರ ಕೈಗೆ ತಂದಿತು. ಆಮೇಲೆ ಒಣಗಿಸಿ ಪುಡಿಮಾಡಿದ ಮೊಟ್ಟೆಯ ಬಿಳಿ ಬಂದು ಹಸಿ ಮೊಟ್ಟೆಯ ಸೋಂಕಿನ ಭಯ ಕಡಿಮೆಯಾಯಿತು. ಚಿತ್ರವನ್ನು ಮೇಲಿನಿಂದ ಬಿಸ್ಕತ್ತಿನ ಮೇಲೆ ಬೀಳಿಸುವ ಪ್ರೊಜೆಕ್ಟರ್ ಬಂತು, ತಿನ್ನಬಹುದಾದ ಶಾಯಿಯ ಪೆನ್ನು ಬಂತು. 2012ರಲ್ಲಿ ಅಮೆರಿಕದ ಯೂಟಾದಲ್ಲಿ ಕುಕಿಕಾನ್ ಎಂಬ, ಬಿಸ್ಕತ್ತು ಅಲಂಕರಿಸುವವರದೇ ಸಮಾವೇಶ ನಡೆಯಿತು.

ಕಾಮಿಕ್ಸಿನ ನೋಟವೇ ಫ್ಯಾಷನ್ ಆದದ್ದು ಇನ್ನೂ ಈಚೆಗೆ. 2017ರಲ್ಲಿ ಸೋಲ್ ನಗರದಲ್ಲಿ ಕುರ್ಚಿ, ಗೋಡೆ, ಲೋಟ ಎಲ್ಲಕ್ಕೂ ಕಪ್ಪು ಅಂಚು ಬಳಿದು, ಒಳಗೆ ಕೂತವರು ಕಾಮಿಕ್ಸ್ ಪುಟದಲ್ಲೇ ಕೂತಂತೆ ಕಾಣುವ ಕೆಫೆಯೊಂದು ಸುದ್ದಿಯಾಯಿತು. ಕೆಲವೇ ವರ್ಷಗಳಲ್ಲಿ ಅದೇ ದಪ್ಪ ಕಪ್ಪು ಗೆರೆ ಕೇಕಿಗೆ, ಅಲ್ಲಿಂದ ಬಿಸ್ಕತ್ತಿಗೆ ಇಳಿಯಿತು. ಉರುಟು ಚುಕ್ಕಿಗಳ ನೆರಳನ್ನು ಬಿಸ್ಕತ್ತಿನ ಮೇಲೆ ಬರೆಯುವವರು ತಂದುಕೊಂಡದ್ದು ಹಳೆಯ ಮುದ್ರಣದಿಂದ. 1960ರ ದಶಕದಲ್ಲಿ ರಾಯ್ ಲಿಕ್ಟನ್‌ಸ್ಟೈನ್ ಅದೇ ಚುಕ್ಕಿಗಳನ್ನು ಕ್ಯಾನ್ವಾಸಿಗೆ ಏರಿಸಿದ್ದ.

ಮೇಜಿನ ಮೇಲೆ ನಡೆಯುವುದು

ಏಳೆಂಟು ಸೆಂಟಿಮೀಟರ್ ಅಗಲದ ಚೌಕ ಬಿಸ್ಕತ್ತುಗಳನ್ನು ಮೊದಲ ದಿನವೇ ಬೇಯಿಸಿ ಪೂರ್ತಿ ಆರಿಸಬೇಕು. ಮೆಹಂದಿ ಕೋನಿನಂತೆಯೇ ಸುತ್ತಿದ ಪೊಟ್ಟಣದಿಂದ ಗಟ್ಟಿ ಐಸಿಂಗಿನ ಅಂಚು ಕಟ್ಟಿ, ಒಳಗೆ ತೆಳ್ಳನೆಯದನ್ನು ಹೊಯ್ಯಬೇಕು. ಹದ ನೋಡುವುದು ಸುಲಭ: ಬಟ್ಟಲಿನಲ್ಲಿ ಚಾಕುವಿನಿಂದ ಗೀರಿದರೆ ಆ ಗೀರು ಹದಿನೈದು ಎಣಿಸುವುದರೊಳಗೆ ಮುಚ್ಚಿಕೊಳ್ಳಬೇಕು. ತೀರಾ ಬೇಗ ಮುಚ್ಚಿದರೆ ಅಂಚು ದಾಟಿ ಹರಿಯುತ್ತದೆ, ತಡವಾದರೆ ಮೇಲ್ಮೈ ಉಬ್ಬುತಗ್ಗಾಗುತ್ತದೆ. ಗಾಳಿಯ ಗುಳ್ಳೆ ಕಂಡರೆ ಸೂಜಿಯಿಂದ ಒಡೆಯಬೇಕು. ಇಷ್ಟಾದ ಮೇಲೆ ಇಡೀ ರಾತ್ರಿ ಬಿಡಬೇಕು.

ಕಪ್ಪು ಗೆರೆಗೆ ಮರುದಿನವೇ ಗತಿ. ಬಣ್ಣ ನೀರಿನಲ್ಲಿ ಕರಗುವಂಥದ್ದಾದ್ದರಿಂದ ಹಸಿಯಿರುವಾಗ ಬರೆದರೆ ಪಕ್ಕದ ಬಿಳುಪಿಗೆ ಇಳಿದು ಅಜ್ಜಿಗೆ ಮೀಸೆ ಮೂಡುತ್ತದೆ. ಸಕ್ಕರೆ ಗಾಳಿಯ ತೇವ ಹೀರುವುದರಿಂದ ಮಂಗಳೂರಿನ ಜೂನ್ ತಿಂಗಳಲ್ಲಿ ಈ ಕೆಲಸಕ್ಕೆ ಫ್ಯಾನು ಬೇಕೇ ಬೇಕು. ಫ್ರಿಜ್‌ನಲ್ಲಿಟ್ಟು ಹೊರತೆಗೆದರಂತೂ ಮೇಲೆ ಬೆವರು ಕಟ್ಟುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಸಾಲಿನಲ್ಲಿ ನೆಟ್ಟಗೆ ನಿಲ್ಲುತ್ತವೆ. ನಮ್ಮದು ದುಂಡು, ಮೇಲಾಗಿ ಒತ್ತಕ್ಷರ ಕೆಳಗೆ ಇಳಿಯುತ್ತದೆ. ‘ಅಯ್ಯೋ, ಚಕ್ಕುಲಿ!’ ಎಂದು ಬರೆಯಹೊರಟಾಗ ‘ಯ್ಯೋ’ದ ಒತ್ತು ಅಜ್ಜಿಯ ತುರುಬಿಗೆ ತಾಗಿತು. ಮಾತಿನ ಗುಳ್ಳೆಗೆ ಮೊದಲೇ ಎರಡು ಸಾಲಿನ ಜಾಗ ಬಿಟ್ಟು, ಮೂರು ಪದಕ್ಕಿಂತ ಹೆಚ್ಚು ಬರೆಯದಿರುವುದು ಕ್ಷೇಮ. ಕೊನೆಗೆ ನಾನು ಉಳಿಸಿದ್ದು ‘ಲೋ!’ ಒಂದೇ.

ಬಣ್ಣ, ಹಕ್ಕು, ನಮ್ಮ ಪಾಲು

ಇಂದಿನ ಚರ್ಚೆ ಹೆಚ್ಚಾಗಿ ಬಣ್ಣದ್ದು. ಐಸಿಂಗನ್ನು ಅಚ್ಚ ಬಿಳಿ ಮಾಡುತ್ತಿದ್ದ ಟೈಟಾನಿಯಂ ಡೈಆಕ್ಸೈಡನ್ನು ಯುರೋಪಿಯನ್ ಒಕ್ಕೂಟ 2022ರಲ್ಲಿ ಆಹಾರದಿಂದ ಹೊರಗಿಟ್ಟಿತು. ಭಾರತದಲ್ಲಿ ಆಹಾರಕ್ಕೆ ಅನುಮತಿಯಿರುವ ಕೃತಕ ಬಣ್ಣಗಳು ಎಂಟು. ಅವುಗಳಲ್ಲಿ ಕಪ್ಪು ಇಲ್ಲ, ಬೆರೆಸಿಯೇ ಮಾಡಿಕೊಳ್ಳಬೇಕು. ಬಾಂಬೆ ಮಿಠಾಯಿಯ ರೋಡಮಿನ್-ಬಿ ಬಣ್ಣವನ್ನು 2024ರ ಮಾರ್ಚ್‌ನಲ್ಲಿ ಕರ್ನಾಟಕ ನಿಷೇಧಿಸಿದ ಮೇಲೆ ಮನೆಯಲ್ಲೇ ಬೇಕರಿ ನಡೆಸುವವರೂ ಬಣ್ಣದ ಬಾಟಲಿಯ ಚೀಟಿ ಓದತೊಡಗಿದ್ದರೆ ಒಳ್ಳೆಯದೇ.

ಪಾತ್ರಗಳ ಹಕ್ಕು ಇನ್ನೊಂದು ಪ್ರಶ್ನೆ. 1928ರ ಮೊದಲ ಮಿಕಿ ಮೌಸ್ ಅಮೆರಿಕದಲ್ಲಿ ಹಕ್ಕುಮುಕ್ತವಾದದ್ದು 2024ರಲ್ಲಿ. ಮನೆಮಕ್ಕಳಿಗೆ ಬರೆದುಕೊಡುವುದು ಬೇರೆ, ಮಾರುವುದು ಬೇರೆ. ಮಾರುವವರು ತಮ್ಮದೇ ಅಜ್ಜಿಯನ್ನು ಹುಟ್ಟಿಸಿಕೊಳ್ಳುವುದು ವಾಸಿ.

ಈ ಕ್ಷೇತ್ರಕ್ಕೆ ನಮ್ಮ ನೆಲದ ಕೊಡುಗೆಯೂ ಇದೆ. ಬೆಂಗಳೂರಿನಲ್ಲಿ ಪ್ರತಿ ಡಿಸೆಂಬರ್‌ನಲ್ಲಿ ನಡೆಯುವ ಕೇಕ್ ಪ್ರದರ್ಶನ 1970ರ ದಶಕದಿಂದ ಸಕ್ಕರೆಯಲ್ಲಿ ಗೋಪುರ, ಅರಮನೆಗಳನ್ನು ಕಟ್ಟಿ ತೋರಿಸುತ್ತ ಬಂದಿದೆ. ಮೊಟ್ಟೆಯಿಲ್ಲದ ರಾಯಲ್ ಐಸಿಂಗ್ ರೂಪಿಸಿದ ಪುಣೆಯ ಪ್ರಾಚಿ ಧಬಲ್ ದೇಬ್ ಅದರಿಂದಲೇ ಸುಮಾರು 100 ಕಿಲೋ ತೂಕದ ಮಿಲಾನ್ ಕೆಥೆಡ್ರಲ್ ಕಟ್ಟಿದರು. ಮೊಟ್ಟೆ ಮುಟ್ಟದ ಮನೆಗಳಿಗೂ ಈ ಕಲೆ ಬರಲು ದಾರಿಯಾದದ್ದು ಹೀಗೆ.

ಈಗ ತಿನ್ನುವ ಶಾಯಿಯ ಪ್ರಿಂಟರ್‌ಗಳೂ ಇವೆ; ಯಾವ ಚಿತ್ರ ಬೇಕಾದರೂ ನಿಮಿಷದಲ್ಲಿ ಮೂಡುತ್ತದೆ. ಒಂದು ಲೆಕ್ಕದಲ್ಲಿ ಅದು ಅಚ್ಚಿನ ಕಾಲಕ್ಕೇ ಮರಳಿದಂತೆ: ನೂರಕ್ಕೆ ನೂರೂ ಒಂದೇ ಮುಖ. ಅಂಗಡಿಗೆ ಅದು ಸಾಕು. ಹುಟ್ಟುಹಬ್ಬದ ಹುಡುಗನಿಗೆ ಅವನ ಅಜ್ಜಿಯೇ ಸೌಟು ಹಿಡಿದು ನಿಂತ ಚಿತ್ರ ಬೇಕಿದ್ದರೆ, ಅವಳನ್ನು ಬಲ್ಲ ಕೈಯೇ ಬರೆಯಬೇಕು. ಬರೆಯಲು ಹೊರಟವರಿಗೆ ಎರಡೇ ಮಾತು: ಬಿಳುಪು ಹೊಯ್ದ ದಿನ ಕಪ್ಪನ್ನು ಮುಟ್ಟಬೇಡಿ, ಮೂರನೆಯ ಚೌಕವನ್ನು ಮಾತ್ರ ಎರಡೆರಡು ಮಾಡಿಡಿ.